ಅಂದವಾಗಿ ಒಟ್ಟಿದ ಹಸಿ ಸೌದೆ

"ಗುರುಗಳೇ, ಸಿಟ್ಟು ನುಂಗಿಕೊಳ್ಳುವುದೇ ಸಹನೆ ಅಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

"ಯಾವ ಸಿಟ್ಟು?" ಎಂದರು ಗುರುಗಳು.

"ದಾರಿಯ ಅರವಟ್ಟಿಗೆಗೆ ನೀರು ತುಂಬುವ ಪಾಳಿ ಈ ವಾರ ನಮ್ಮದು. ಒರತೆ ದೂರ ಅಂತ ನನ್ನ ಜೊತೆಯವರು ನಾಲ್ಕು ದಿನದಿಂದ ಎಮ್ಮೆ ಮೀಯುವ ಹೊಂಡದ ನೀರನ್ನೇ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದಾರೆ. ನೋಡಿ ನನಗೆ ಮೈಯೆಲ್ಲ ಉರಿಯಿತು. ಆದರೂ ಜೊತೆಯವರಲ್ಲವೇ ಅಂತ ಒಂದು ಮಾತೂ ಆಡಲಿಲ್ಲ."

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಡಗಿ, ಒಬ್ಬ ವ್ಯಾಪಾರಿ, ಒಬ್ಬ ಅಕ್ಕಸಾಲಿ. ಮೂವರೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಮೂರು ದಿನ ಬಿಡುವು ಸಿಕ್ಕಿತು. ಬೆಟ್ಟ ಹತ್ತಿ ಬರೋಣ ಅಂತ ಬುತ್ತಿ ಕಟ್ಟಿಕೊಂಡು ಹೊರಟರು.

ಆ ಬೆಟ್ಟದಲ್ಲಿ ದಾರಿಹೋಕರಿಗೆಂದು ಎರಡು ಗುಡಿಸಲುಗಳಿದ್ದವು. ಒಂದು ಕೆಳಗೆ ಕಾಡಿನ ಅಂಚಿನಲ್ಲಿ, ಇನ್ನೊಂದು ನೆತ್ತಿಯಲ್ಲಿ. ನೆತ್ತಿಯಲ್ಲಿ ಹುಲ್ಲು ಬಿಟ್ಟರೆ ನಾಲ್ಕು ಕುಳ್ಳ ಮರ, ಅಷ್ಟೇ. ಅದಕ್ಕೇ ಅಲ್ಲೊಂದು ಕಟ್ಟಳೆ. ಮೇಲೆ ಹೋಗುವವರು, ಬೆನ್ನ ಮೇಲೆ ಬೇರೆ ಹೊರೆ ಇಲ್ಲದಿದ್ದರೆ, ಕಾಡಿನಿಂದ ಆಳಿಗೊಂದು ಹೊರೆ ಒಣಸೌದೆ ಹೊತ್ತೊಯ್ಯಬೇಕು. ಹಿಂದಿನವರು ಬಿಟ್ಟುಹೋದದ್ದನ್ನು ಉರಿಸಬೇಕು, ತಾವು ತಂದದ್ದನ್ನು ಮುಂದಿನವರಿಗೆ ಬಿಡಬೇಕು. ಕಾವಲಿನವರಿಲ್ಲ, ಕೇಳುವವರಿಲ್ಲ. ಆದರೂ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದಿತ್ತು.

ಬಡಗಿ ಸೌದೆ ಆರಿಸಲು ಬಗ್ಗಿದ. "ಬಿಡೋ ಮಾರಾಯ, ಬಿಡುವಿನ ದಿನವೂ ಮರ ಹೊರುತ್ತೀಯಾ?" ಎಂದ ವ್ಯಾಪಾರಿ. "ಗರಗಸ ಮನೆಯಲ್ಲೇ ಇದೆ, ಆದರೂ ಇವನ ಮುಖ ನೋಡು, ಗರಗಸದ ಹಾಗೆ ಹಲ್ಲು ಮಸೆಯುತ್ತಾನೆ" ಎಂದ ಅಕ್ಕಸಾಲಿ. ಇಬ್ಬರೂ ನಕ್ಕರು. ಬಡಗಿಗೆ ರೇಗಿತು. ಮೂರು ದಿನದ ಸುಖ ಕೆಡುವುದು ಬೇಡ ಅಂತ ಸೌದೆ ಬಿಟ್ಟು ಎದ್ದ.

ಮೇಲಿನ ಗುಡಿಸಲಿನಲ್ಲಿದ್ದ ಸೌದೆಯನ್ನೆಲ್ಲ ಅವರು ಒಂದೇ ರಾತ್ರಿಗೆ ಉರಿಸಿದರು. ಮರುದಿನ ಮೂಲೆ ಬರಿದಾಗಿತ್ತು. ಬರಿದು ಮಾಡಿಹೋದರೆ ಹೆಸರು ಕೆಡುತ್ತದೆ ಅಂತ ವ್ಯಾಪಾರಿ ಬಡಗಿಯ ಬಾಚಿಯಿಂದಲೇ ಆ ಕುಳ್ಳ ಮರಗಳ ಕೊಂಬೆ ಕಡಿಸಿದ. ಕಡಿದ ಕಡೆಯಲ್ಲೆಲ್ಲ ಹಾಲು ಸೋರುತ್ತಿತ್ತು.

"ಒಟ್ಟಿಬಿಡಪ್ಪ, ನಿನ್ನ ಕೈಯಲ್ಲಿ ಅಂದ ಬರುತ್ತದೆ" ಎಂದ ಬಡಗಿಗೆ.

ಹಸಿ ಸೌದೆ ಉರಿಯುವುದಿಲ್ಲ ಅಂತ ಬಡಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಲ್ಲು ಕಚ್ಚಿಕೊಂಡು ಒಟ್ಟಿದ. ಸಿಟ್ಟಿನಲ್ಲೇ ಒಟ್ಟಿದ, ಆದರೂ ಎದೆಮಟ್ಟ ಒಟ್ಟಿದ, ಒಂದು ಕೊಂಬೆಯೂ ಹೊರಗೆ ಚಾಚದ ಹಾಗೆ ಒಟ್ಟಿದ.

ಇಳಿದು ಬಂದಾಗ ಕಾಡಿನ ಅಂಚಿನಲ್ಲಿ ಬುಟ್ಟಿ ಹೆಣೆಯುವವನೊಬ್ಬ ಎದುರಾದ. ಬೆಟ್ಟದಾಚೆಯ ಸಂತೆಗೆ ಹೊರಟಿದ್ದ. ಬೆನ್ನ ಮೇಲೆ ತಿಂಗಳಿಡೀ ಹೆಣೆದ ಬುಟ್ಟಿ, ಹೆಗಲ ಮೇಲೆ ಪುಟ್ಟ ಮಗಳು. ಮಗು ತುಂತುರಿನಲ್ಲಿ ನೆನೆದಿತ್ತು.

"ಅಣ್ಣಂದಿರಾ, ಮೇಲೆ ಸೌದೆ ಉಂಟಾ? ಇಲ್ಲ ಅಂದರೆ ಬುಟ್ಟಿ ಇಲ್ಲೇ ಬಿಟ್ಟು ಒಂದು ಹೊರೆ ಹೊತ್ತುಕೊಳ್ಳುತ್ತೇನೆ."

"ಎದೆಮಟ್ಟ ಒಟ್ಟಿ ಬಂದಿದ್ದೇವೆ. ಸುಖವಾಗಿ ಹೋಗು" ಎಂದ ವ್ಯಾಪಾರಿ.

ಬುಟ್ಟಿಯವನು ಬಡಗಿಯ ಸೊಂಟದ ಬಾಚಿ ನೋಡಿದ. "ನೀನು ಮರದ ಕೆಲಸದವನು. ನೀನು ಹೇಳು, ಒಣಗಿದ್ದು ತಾನೇ?"

ಬಡಗಿ ಗೆಳೆಯರ ಮುಖ ನೋಡಿದ. ಹೂಂ ಅಂತ ತಲೆ ಆಡಿಸಿದ.

ಬುಟ್ಟಿಯವನು ಮಗಳನ್ನು ಹೊತ್ತು ಬೆಟ್ಟ ಹತ್ತಿದ. ಮೂವರೂ ಕೆಳಗಿನ ಗುಡಿಸಲಿನಲ್ಲಿ ಬೆಂಕಿ ಹಾಕಿ ಗಂಜಿ ಕಾಯಿಸಿದರು. ಗಂಜಿಗೆ ಉಪ್ಪು ಸಾಲದು ಅಂತ ಬಡಗಿ ತಟ್ಟೆ ಎತ್ತಿ ಬಿಸಾಡಿದ. "ಉಪ್ಪಿಗೆ ಇಷ್ಟು ಸಿಟ್ಟೇನೋ?" ಎಂದು ಇಬ್ಬರೂ ಬಾಯಿ ಬಿಟ್ಟರು.

ಬೆಳಗಾದ ಮೇಲೆ ಬುಟ್ಟಿಯವನು ಇಳಿದು ಬಂದ. ಬೆನ್ನ ಮೇಲೆ ಏನೂ ಇರಲಿಲ್ಲ. ಮಗಳನ್ನು ಎದೆಗೆ ಕಟ್ಟಿಕೊಂಡಿದ್ದ. ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿತ್ತು, ಕಣ್ಣು ತೆರೆಯುತ್ತಿರಲಿಲ್ಲ.

"ಬುಟ್ಟಿ ಎಲ್ಲಿ?" ಎಂದ ಅಕ್ಕಸಾಲಿ.

"ಸುಟ್ಟೆ. ಒಂದೊಂದಾಗಿ ಸುಟ್ಟೆ. ಬಿದಿರು ಎಷ್ಟು ಹೊತ್ತು ಉರಿದೀತು?"

ವ್ಯಾಪಾರಿ ಏನೋ ಹೇಳಲು ಬಂದ. ಬುಟ್ಟಿಯವನು ಅವನ ಕಡೆ ತಿರುಗಲೂ ಇಲ್ಲ. ನೇರ ಬಡಗಿಯ ಮುಂದೆ ಬಂದು ನಿಂತ.

"ಅವನ ಮಾತು ನಾನು ನಂಬಿರಲಿಲ್ಲ ಕಣೋ. ನಿನ್ನ ತಲೆ ಆಡಿದ್ದು ನೋಡಿ ಹತ್ತಿದೆ."

"ನನಗೂ ಇವರ ಮೇಲೆ ಸಿಟ್ಟಿತ್ತು ಅಣ್ಣಾ, ನಿನ್ನಷ್ಟೇ ಸಿಟ್ಟಿತ್ತು" ಎಂದ ಬಡಗಿ. "ಗೆಳೆಯರಲ್ಲವಾ ಅಂತ ನುಂಗಿಕೊಂಡೆ."

"ಅಷ್ಟು ಬೆಂಕಿ ಹೊಟ್ಟೆಯಲ್ಲಿಟ್ಟುಕೊಂಡು ನೀನು ಕೆಳಗೆ ಬೆಚ್ಚಗೆ ಮಲಗಿದೆ. ಮೇಲೆ ನನ್ನ ಕೂಸು ನಡುಗಿತು" ಎಂದ ಬುಟ್ಟಿಯವನು. ಆಮೇಲೆ ನಿಲ್ಲಲಿಲ್ಲ. ವೈದ್ಯನಿದ್ದ ಊರಿನ ಕಡೆ ಓಡಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಆ ಮಗು ಉಳಿಯಿತೇ ಗುರುಗಳೇ?"

"ಅದು ಕತೆಯ ಮಗು. ಈ ಗಳಿಗೆಯಲ್ಲಿ ಅರವಟ್ಟಿಗೆಯ ಮುಂದೆ ಬೊಗಸೆ ಒಡ್ಡಿ ನಿಂತಿರುವ ಮಗುವಿಗೆ ಯಾವ ನೀರು ಹೊಯ್ಯುತ್ತಿದ್ದಾರೆ, ಅದನ್ನು ಹೇಳು."