ನಿದ್ದೆ ಬಾರದ ಗುಲಗಂಜಿ ಹುಳು

ಬಡಗಣ ಹಿಮಬೆಟ್ಟದ ಬುಡದ ಒಂದು ಕಾಡಿನಲ್ಲಿ ಗುಲಗಂಜಿ ಹುಳುಗಳು ಬಾಳುತ್ತಿದ್ದವು. ಕೆಂಪು ಬೆನ್ನು, ಅದರ ಮೇಲೆ ಕಪ್ಪು ಬೊಟ್ಟು. ಗಿಡದ ಹೇನೇ ಅವುಗಳ ಊಟ. ಒಂದು ಬೇಸಿಗೆಯಲ್ಲಿ ತೆಂಕಣ ಸೀಮೆಯ ಕೆಂಚಿ ಎಂಬ ಗುಲಗಂಜಿ ಹುಳು ಗಾಳಿಗೆ ಸಿಕ್ಕಿ ಅಲ್ಲಿಗೆ ಬಂದು ಬಿದ್ದಳು. ಅವಳ ಊರಿನಲ್ಲಿ ಹಿಮವೆಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆ ಕಳೆಯಿತು. ಎಲೆ ಇನ್ನೂ ಹಸಿರಾಗಿದ್ದಾಗಲೇ ಅಲ್ಲಿನ ಹುಳುಗಳು ಹೊಟ್ಟೆ ತುಂಬಿಸಿಕೊಂಡು ಚಳಿಗಾಲದ ನಿದ್ದೆಗೆಂದು ಮರದ ತೊಗಟೆಯೊಳಗೆ ಸೇರತೊಡಗಿದವು.

"ಹಗಲು ಗಿಡ್ಡ ಆಗ್ತಿದೆ ಮಗಳೇ, ನೀನೂ ಬಾ," ಎಂದಳು ಹಿರಿಯಳಾದ ಬೊಟ್ಟಜ್ಜಿ.

"ಇಷ್ಟು ಬೇಗ ಮಲಗಬೇಕು ಅಂತ ನಿಮಗೆ ಯಾರು ಕಲಿಸಿದ್ರು?"

"ಯಾರೂ ಕಲಿಸಲಿಲ್ಲ. ಹಿಂದೆ ತಡವಾಗಿ ಮಲಗೋರೂ ಇದ್ರಂತೆ. ಅವರೆಲ್ಲ ಹಿಮಕ್ಕೆ ಸಿಕ್ಕಿ ಸತ್ರು, ಅವರ ವಂಶ ಉಳೀಲಿಲ್ಲ. ನಾವು ಬೇಗ ಮಲಗಿದವರ ಮಕ್ಕಳು. ಹಗಲು ಕುಗ್ಗಿದ್ರೆ ಸಾಕು, ರಕ್ತವೇ ನಮ್ಮನ್ನ ನಿದ್ದೆಗೆ ಎಳೆಯುತ್ತೆ."

ಕೆಂಚಿಗೆ ಒಂದು ಆಕಳಿಕೆಯೂ ಬಂದಿರಲಿಲ್ಲ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡಳು. "ನೀವು ಮಲಗಿ ಅಜ್ಜಿ, ಹೊರಗೆ ನಾನು ಕಾವಲಿರ್ತೀನಿ," ಎಂದು ನಯವಾಗಿ ನುಡಿದಳು. ಕಾವಲಂತೆ ಕಾವಲು! ಅವಳ ಕಣ್ಣೆಲ್ಲ ಹೇನಿನ ಮೇಲಿತ್ತು. ಇಡೀ ಕಾಡು ತನ್ನದೇ ಎಂದು ತಿಂದಳು, ಹಾರಾಡಿದಳು, ತಿಂದದ್ದನ್ನೆಲ್ಲ ಹಾರಾಟದಲ್ಲೇ ಕರಗಿಸಿದಳು.

ಒಂದು ಬೆಳಗ್ಗೆ ಕಣ್ಣು ಬಿಟ್ಟರೆ ಕಾಡೆಲ್ಲ ಬಿಳಿ. ಹೇನೂ ಇಲ್ಲ, ಎಲೆಯೂ ಇಲ್ಲ. ಕೆಂಚಿ ನಡುಗುತ್ತ ತೊಗಟೆಯ ಬಳಿ ತೆವಳಿದಳು.

"ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳೆಯೇ?" ಎಂದು ಬೊಟ್ಟಜ್ಜಿ ಅರೆನಿದ್ದೆಯಲ್ಲೇ ನಕ್ಕು, ನಡುವೆ ಜಾಗ ಬಿಟ್ಟಳು.

ಬೆಚ್ಚನೆ ಜಾಗವೇನೋ ಸಿಕ್ಕಿತು. ನಿದ್ದೆ ಮಾತ್ರ ಹತ್ತಲಿಲ್ಲ. ಸುತ್ತ ಎಲ್ಲರೂ ಸುಖವಾಗಿ ಮಲಗಿದ್ದರೆ ಕೆಂಚಿ ಒಬ್ಬಳೇ ಹಸಿದು, ಎಚ್ಚರವಾಗಿ, ಚಳಿಗಾಲವನ್ನೆಲ್ಲ ಕಳೆದಳು. ಪಾಪ, ಜೀವ ಒಂದು ಉಳಿಯಿತು.

ವಸಂತದಲ್ಲಿ ಬೊಟ್ಟಜ್ಜಿಯ ಮೊಮ್ಮಗನನ್ನು ಮದುವೆಯಾಗಿ ಕೆಂಚಿ ಮೊಟ್ಟೆಯಿಟ್ಟಳು. ಮಕ್ಕಳು ದೊಡ್ಡವಾದವು. ಮತ್ತೆ ಹಗಲು ಕುಗ್ಗಿದಾಗ ತಂದೆಯ ರಕ್ತ ಹೆಚ್ಚಾಗಿದ್ದ ಮಕ್ಕಳು ಆಕಳಿಸುತ್ತ ತೊಗಟೆಯೊಳಗೆ ನಡೆದವು. ತಾಯಿಯನ್ನು ಹೋಲುವ ಮಕ್ಕಳು ಬಿಸಿಲಲ್ಲಿ ಕುಣಿಯುತ್ತಲೇ ಇದ್ದವು.

"ಬನ್ನಿ ಮಕ್ಕಳೇ, ಹಿಮ ಬೀಳುತ್ತೆ," ಎಂದು ಕೆಂಚಿ ಗಂಟಲು ಕಟ್ಟುವವರೆಗೂ ಕೂಗಿದಳು.

"ನಮಗೆ ನಿದ್ದೆಯೇ ಬರ್ತಿಲ್ಲ ಅಮ್ಮಾ," ಎಂದವು ಅವು. ಒಂದೂ ಒಳಗೆ ಬರಲಿಲ್ಲ. ಕೆಂಚಿ ಬಾಗಿಲಲ್ಲೇ ಕುಳಿತು ಅವುಗಳನ್ನು ನೋಡುತ್ತಿದ್ದಂತೆ ಮೊದಲ ಹಿಮ ಬಿತ್ತು.

ನೀತಿ: ತಲೆಮಾರುಗಳು ಪ್ರಾಣ ತೆತ್ತು ಗಳಿಸಿದ ಬುದ್ಧಿಯನ್ನು ಒಬ್ಬರ ಜಾಣತನ ಗೆಲ್ಲಲಾರದು.