ಡ್ಯಾಕ್ ಕೊಳ್ಳಲು ಹೋದ ಹಾಡುಗಾರ್ತಿ

“ಮಾಸ್ತರ, ಮ್ಯಾಜಿನ ಮ್ಯಾಲ ಇಡೋ ಸ್ಪೀಕರಿಗೆ ಯಾವ ಡ್ಯಾಕ್ ತಗೊಳ್ಳಲ್ರಿ? ಸಪ್ಪಳ ಏರಿಸಿ ಇಳಿಸೋ ನಾಬ್ ಎಲ್ಲಿರಬೇಕ್ರಿ? ಕಂಪ್ಯೂಟರಿನ್ಯಾಗೋ, ಡ್ಯಾಕಿನ್ಯಾಗೋ, ಸ್ಪೀಕರಿನ್ಯಾಗೋ?”

ಕೇಳಿದವನು ಚನ್ನವೀರ. ಶಂಭುಲಿಂಗ ಮಾಸ್ತರ ಹತ್ತಿರ ಹಾಡುಗಾರಿಕೆ ಕಲಿಯುತ್ತಿದ್ದವನು. ಡ್ಯಾಕ್ ಎಂದರೆ ಅಂಥ ದೊಡ್ಡ ವಸ್ತುವೇನಲ್ಲ. ಕಂಪ್ಯೂಟರು ಹಾಡನ್ನು ಅಂಕಿಗಳಾಗಿ ಇಟ್ಟುಕೊಂಡಿರುತ್ತದೆ. ಆ ಅಂಕಿಗಳನ್ನು ಮತ್ತೆ ನಾದವಾಗಿಸಿ ಸ್ಪೀಕರಿಗೆ ಕಳಿಸುವ ಒಂದು ಡಬ್ಬಿ, ಅಷ್ಟೆ. ಆದರೆ ಆ ಡಬ್ಬಿ ಚನ್ನವೀರನ ತಲೆ ಕೆಡಿಸಿತ್ತು. ಅಂತರ್ಜಾಲದಲ್ಲಿ ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಿದ್ದರು. ಓದಿದಷ್ಟೂ ಗೊಂದಲ ಹೆಚ್ಚುತ್ತಿತ್ತು. ಅವನು ಕೊಂಡಿದ್ದ ಸ್ಪೀಕರುಗಳು ಬಟ್ಟೆ ಹೊದ್ದು ಮೇಜಿನ ಮೇಲೆ ಸುಮ್ಮನೆ ಕೂತಿದ್ದವು.

ಮಾಸ್ತರು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಡ್ಯಾಕ್ ಕೊಳ್ಳಲು ಹೋದ ಒಬ್ಬಳ ಕತೆಯನ್ನು ಹೇಳಿದರು.

ಒಬ್ಬ ಹಾಡುಗಾರ್ತಿ ಇದ್ದಳು. ಅವಳಿಗೆ ಹಾಡು ಕಲಿಸಿದವರು ಒಬ್ಬ ಉಸ್ತಾದರು. ಒಂದು ದಿನ ಉಸ್ತಾದರಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಹಾಡು ಹೋಯಿತು, ಎಡಗೈಯ ತೋರುಬೆರಳೊಂದನ್ನು ಬಿಟ್ಟು ಮೈ ಯಾವುದಕ್ಕೂ ಒದಗದಾಯಿತು. ಕಿವಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಹಾಡುಗಾರ್ತಿ ಯಾರನ್ನೂ ಕೇಳದೆ ಅವರನ್ನು ತನ್ನ ಮನೆಗೆ ಕರೆತಂದು, ತಾನು ದಿನವೂ ಹಾಡಿ ರಿಯಾಜ್ ಮಾಡುವ ಕೋಣೆಯಲ್ಲೇ ಮಂಚ ಹಾಕಿಸಿದಳು. ಎಂಥ ಹೆಣ್ಣುಮಗಳು! ಗುರುಭಕ್ತಿಯ ಮಾತನ್ನು ನಾವೆಲ್ಲ ಆಡುತ್ತೇವೆ. ಅವಳು ಆಡಲಿಲ್ಲ, ಮಂಚ ಹಾಕಿಸಿದಳು.

ಉಸ್ತಾದರ ಹತ್ತಿರ ಒಂದು ರಾಗವಿತ್ತು. ಅವರ ಮನೆತನದಲ್ಲಿ ಹಾಡಿಕೊಂಡು ಬಂದದ್ದು, ಹೊರಗೆ ಯಾರಿಗೂ ಗೊತ್ತಿಲ್ಲದ್ದು. ಅದನ್ನು ಅವಳಿಗೆ ಕಲಿಸಲು ಶುರುಮಾಡಿದ್ದರು. ಅರ್ಧಕ್ಕೇ ನಾಲಿಗೆ ನಿಂತಿತ್ತು. ಅವರು ಹರೆಯದಲ್ಲಿ ಆ ರಾಗ ಹಾಡಿದ ಒಂದು ಹಳೆಯ ಧ್ವನಿಮುದ್ರಣ ಉಳಿದಿತ್ತು. ಅವರ ಜೀವ ಇರುವಷ್ಟರಲ್ಲಿ ಆ ರಾಗ ಅವಳ ಗಂಟಲಿಗೆ ಬರಬೇಕು, ಇಲ್ಲದಿದ್ದರೆ ಅವರೊಂದಿಗೇ ಮುಗಿಯಿತು.

ಗುರು ಶಿಷ್ಯೆ ಸೇರಿ ಒಂದು ದಾರಿ ಮಾಡಿಕೊಂಡರು. ಅವಳು ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಹಚ್ಚುತ್ತಿದ್ದಳು. ಅದರ ಬೆನ್ನಿಗೇ ತಾನೂ ಹಾಡುತ್ತಿದ್ದಳು. ತಪ್ಪಿದಲ್ಲಿ ಉಸ್ತಾದರು ಮಂಚದ ಮರದ ಮೇಲೆ ಬೆರಳು ಬಡಿಯುತ್ತಿದ್ದರು. ಗೋಡೆಯ ಮೇಲೆ ಹಲ್ಲಿ ಬಾಲ ಆಡಿಸಿದಷ್ಟೇ ಸದ್ದು. ಅದು ಕೇಳಬೇಕಾದರೆ ಅವಳು ಮೆಲುದನಿಯಲ್ಲಿ ಹಾಡಬೇಕು, ಸ್ಪೀಕರೂ ಪಿಸುಗುಡುವಷ್ಟಕ್ಕೆ ಇಳಿಯಬೇಕು. ಹಾಗೆ ಇಳಿಸಿಯೇ ರಿಯಾಜ್ ನಡೆಯಿತು. ರಾಗ ಸ್ವಲ್ಪಸ್ವಲ್ಪವಾಗಿ ಅವಳಿಗೆ ಒಲಿಯತೊಡಗಿತು.

ಒಂದು ಜಾಗದಲ್ಲಿ ಬಂಡಿ ನಿಂತಿತು. ಅಲ್ಲೊಂದು ಮೀಂಡ್ ಇತ್ತು, ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ದನಿ ಕಡಿಯದಂತೆ ಜಾರುವುದು. ಅವಳು ಧ್ವನಿಮುದ್ರಣದಲ್ಲಿ ಕೇಳಿದಂತೆಯೇ ಜಾರಿದಳು. ಬೆರಳು ಬಡಿಯಿತು. ಇನ್ನೊಮ್ಮೆ ಜಾರಿದಳು. ಮತ್ತೆ ಬಡಿಯಿತು. ಎಷ್ಟು ದಿನ ಹಾಡಿದರೂ ಆ ಜಾಗಕ್ಕೆ ಬಂದೊಡನೆ ಬೆರಳು ಬಡಿಯುತ್ತಲೇ ಇತ್ತು. ಅವಳಿಗೆ ಕಣ್ಣೀರು ಬಂತು. ಈ ರಾಗ ಪಡೆಯುವ ಯೋಗ್ಯತೆ ನನಗಿಲ್ಲ, ನನ್ನ ಗಂಟಲಲ್ಲೇ ಇದು ಸಾಯುತ್ತದೆ ಎಂದುಕೊಂಡಳು. ಅತ್ತು ಅತ್ತು ದನಿ ಬಿದ್ದುಹೋಯಿತು.

ಮರುದಿನ ಬೆಳಗ್ಗೆ ಹಾಡಲಾಗಲಿಲ್ಲ. ಉಸ್ತಾದರಿಗೆ ಬೇಸರವಾಗದಿರಲಿ ಎಂದು ಧ್ವನಿಮುದ್ರಣ ಹಚ್ಚಿ, ಬಾಯಿ ಮುಚ್ಚಿಕೊಂಡು ಕೂತಳು. ಮೀಂಡ್ ಬಂತು. ಬೆರಳು ಬಡಿಯಿತು.

ಹಾಡುಗಾರ್ತಿ ಬೆಚ್ಚಿ ನೋಡಿದಳು. ಬಾಯಿ ಮುಚ್ಚಿ ಕೂತವಳು ಹಾಡು ತಪ್ಪುವುದು ಹೇಗೆ? ಅದೇ ಜಾಗವನ್ನು ಮತ್ತೆ ಹಚ್ಚಿದಳು, ಮತ್ತೆ ಬಡಿಯಿತು. ಆಗ ಎದ್ದುಹೋಗಿ ಕಂಪ್ಯೂಟರಿನ ಸದ್ದನ್ನು ಏರಿಸಿದಳು. ಏರಿಸಿದಾಗ ಕೇಳಿತು: ಕೆಳಗಿನ ಸ್ವರ ಮುಟ್ಟಿದ ಮೇಲೆ ಉಸ್ತಾದರ ದನಿ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಕೂದಲೆಳೆಯಷ್ಟು ಇನ್ನೂ ಕೆಳಗಿಳಿದು, ಅಲ್ಲಿಂದ ಮೇಲೆದ್ದು ವಿರಮಿಸುತ್ತಿತ್ತು. ಕಂಪ್ಯೂಟರಿನಲ್ಲೇ ಇಳಿಸಿದರೆ ಆ ಕೊನೆಯ ತುಣುಕು ಅದರ ಸುಂಯ್ ಎನ್ನುವ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಇಷ್ಟು ದಿನ ಯಂತ್ರ ತಿಂದು ಉಳಿಸಿದ ಮೀಂಡನ್ನೇ ಅವಳು ಶ್ರದ್ಧೆಯಿಂದ ಕಲಿತಿದ್ದಳು. ಉಸ್ತಾದರು ತಮ್ಮದೇ ದನಿಗೆ ಬೆರಳು ಬಡಿದು, ಇದು ನಾನು ಹಾಡಿದ್ದಲ್ಲ ಎನ್ನುತ್ತಿದ್ದರು.

ಏರಿಸಿದರೆ ಬೆರಳು ಕೇಳದು, ಇಳಿಸಿದರೆ ಮೀಂಡ್ ಉಳಿಯದು. ಅವಳು ಸ್ಪೀಕರುಗಳನ್ನೂ ಧ್ವನಿಮುದ್ರಣದ ಒಂದು ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡು, ಉಸ್ತಾದರ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ಡ್ಯಾಕ್ ಕೊಳ್ಳಲು ಪೇಟೆಗೆ ಹೊರಟಳು.

ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿ ತುಂಬ ಡ್ಯಾಕುಗಳು. ಮಾತುಗಾರ, ಆದರೆ ಮಾರುವ ವಸ್ತುವಿನ ಮೇಲೆ ನಿಜವಾದ ಪ್ರೀತಿ ಇದ್ದವನು. ಎಲ್ಲಕ್ಕಿಂತ ದೊಡ್ಡ ಡಬ್ಬಿಯನ್ನು ತಂದು ಅವಳ ಮುಂದಿಟ್ಟ.

“ಇದನ್ನ ಕೇಳ್ರಿ ಅಕ್ಕಾರ. ಪೂರ್ತಿ ಏರಿಸಿದ್ರ ಗ್ವಾಡಿ ನಡಗ್ತಾವ.”

“ನನಗ ಗ್ವಾಡಿ ನಡಗೋದು ಬ್ಯಾಡ್ರಿ. ಪೂರ್ತಿ ಇಳಸ್ರಿ. ಇಳಿಸಿ, ಈ ಕಟ್ಟಿಗಿ ಮ್ಯಾಲ ಬೆರಳಿಲೆ ಬಡೀರಿ. ಉಹುಂ, ಅಷ್ಟು ಜೋರ್ ಅಲ್ರಿ. ನಮ್ಮ ಉಸ್ತಾದರ ಬೆರಳಿಗೆ ಅಷ್ಟು ಶಕ್ತಿ ಇಲ್ಲ.”

ವ್ಯಾಪಾರಿ ಕಕ್ಕಾಬಿಕ್ಕಿಯಾದ. ಅವಳು ಎಲ್ಲವನ್ನೂ ಹೇಳಿದಳು. ಹೆಡ್‌ಫೋನು ಸಾಕಲ್ಲವೇ ಎಂದು ಕೇಳಲು ಹೊರಟವನು, ಉಸ್ತಾದರ ಕಿವಿಗೂ ಹಾಡು ಬೀಳಬೇಕು ಎಂಬುದು ಹೊಳೆದು ಆ ಮಾತನ್ನು ಬಿಟ್ಟ. ಇಂಥ ಗಿರಾಕಿಯನ್ನು ನೋಡಿ ನಗುವವರು ಬಹಳ. ಅವನು ನಗಲಿಲ್ಲ, ಅಂಗಿಯ ತೋಳು ಮಡಚಿದ. ಒಂದು ಕೈಯಲ್ಲಿ ನಾಬ್ ಇಳಿಸುತ್ತ, ಇನ್ನೊಂದು ಕೈಯ ಬೆರಳಿನಿಂದ ಮೇಜನ್ನು ಮೆಲ್ಲಗೆ ಬಡಿಯುತ್ತ ನಿಂತ. ಆ ವ್ಯಾಪಾರಿಯನ್ನೂ ಮೆಚ್ಚಬೇಕು.

ದೊಡ್ಡ ಡಬ್ಬಿಯ ನಾಬನ್ನು ಬೆರಳಿನ ಸದ್ದು ಕೇಳುವಷ್ಟು ಇಳಿಸಿದಾಗ ಎಡಗಡೆಯ ಸ್ಪೀಕರು ಬಲಗಡೆಯದಕ್ಕಿಂತ ಮೊದಲೇ ಬಾಯಿ ಮುಚ್ಚಿತು. ಅವಳ ಕೋಣೆಯಲ್ಲಿ ಮಂಚ ಇದ್ದದ್ದು ಎಡಗಡೆ. ಬೇಡವೆಂದಳು. ಇನ್ನೊಂದು ನೋಡಲು ಬಂಗಾರದಂತಿತ್ತು. ಇಳಿಸಿದರೆ ಹಾಡಿಗಿಂತ ಅದರದೇ ಗುಂಯ್‌ಗುಡುವಿಕೆ ಹೆಚ್ಚಾಯಿತು. ವ್ಯಾಪಾರಿ ಒಂದಾದ ಮೇಲೊಂದು ತಂದ. ಏರಿಸಿದಾಗ ಗಂಧರ್ವರಂತೆ ಹಾಡಿದವು ಇಳಿಸಿದಾಗ ನೆಗಡಿಯಾದವರಂತೆ ಗೊಣಗಿದವು. ಅವನು ಬೆವರಿದ. ತನ್ನ ಅಂಗಡಿಯ ಮಾಲನ್ನು ಅವನು ಹೀಗೆ ಎಂದೂ ಕೇಳಿರಲಿಲ್ಲ.

ಕೊನೆಗೆ ಹಿಂದಿನ ಕಪಾಟಿನಿಂದ ಧೂಳು ಹಿಡಿದ ಒಂದು ಕಪ್ಪು ಡಬ್ಬಿ ತಂದ. ಅದರ ನಾಬು ಸರಾಗ ತಿರುಗುತ್ತಿರಲಿಲ್ಲ, ಮೆಟ್ಟಿಲು ಇಳಿದಂತೆ ಕಟ್ ಕಟ್ ಎಂದು ಇಳಿಯುತ್ತಿತ್ತು. ಆ ಕಟಕಟ ಸದ್ದಿಗೆ ಬೇಸತ್ತು ಗಿರಾಕಿಗಳು ಬಿಟ್ಟು ಹೋಗಿದ್ದರು. ಅವನು ಅಂಗಡಿಯ ಕಂಪ್ಯೂಟರಿನ ಸದ್ದನ್ನು ಒಂದಿಷ್ಟೂ ತಗ್ಗಿಸದೆ ಪೂರ್ತಿ ಬಿಟ್ಟ. ಅಲ್ಲಿಂದ ಇಡಿಯಾಗಿ ಬಂದದ್ದನ್ನು ಈ ನಾಬಿನಲ್ಲಿ ಮಾತ್ರ ಒಂದೊಂದೇ ಮೆಟ್ಟಿಲು ಇಳಿಸಿದ. ಎರಡೂ ಸ್ಪೀಕರು ಜೋಡಿ ಎತ್ತುಗಳಂತೆ ಸಮನಾಗಿ ಇಳಿದವು. ಅವನ ಬೆರಳು ಸ್ಪಷ್ಟವಾಗಿ ಕೇಳತೊಡಗಿತು. ಆಗ ಮೀಂಡ್ ಬಂತು. ಕೆಳಗಿನ ಸ್ವರ ಮುಟ್ಟಿತು, ಕೂದಲೆಳೆಯಷ್ಟು ಇನ್ನೂ ಇಳಿಯಿತು, ಮೇಲೆದ್ದು ನಿಂತಿತು.

ಹಾಡುಗಾರ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ವ್ಯಾಪಾರಿ ಮೇಜು ಬಡಿಯುವುದನ್ನು ನಿಲ್ಲಿಸಲು ಮರೆತು ಬಡಿಯುತ್ತಲೇ ಇದ್ದ. ಅವನ ಎದೆ ತುಂಬಿ ಬಂದಿತ್ತು. ಅಂಗಡಿ ಇಟ್ಟಾಗಿನಿಂದ ಏರಿಸಿ ತೋರಿಸಿದವನು ಅವನು. ಇಳಿಸಿ ನೋಡಿದವಳು ಅವಳೊಬ್ಬಳೇ.

ಅವಳು ಡಬ್ಬಿಯನ್ನು ಮನೆಗೆ ತಂದು ಜೋಡಿಸಿದಳು. ತಾನು ಹಾಡದೆ ಧ್ವನಿಮುದ್ರಣ ಹಚ್ಚಿದಳು. ಮೀಂಡ್ ಬಂತು, ಹೋಯಿತು. ಬೆರಳು ಅಲುಗಲಿಲ್ಲ. ಉಸ್ತಾದರು ಕಣ್ಣು ಮುಚ್ಚಿಕೊಂಡು ತಮ್ಮ ಹರೆಯದ ದನಿಯನ್ನು ಕೇಳುತ್ತಿದ್ದರು.

ಆಮೇಲೆ ಅವಳು ಹಾಡಿದಳು. ಮೀಂಡಿನ ಕೊನೆಯಲ್ಲಿ ಬೆರಳು ಬಡಿಯಿತು. ಅವಳು ನಕ್ಕಳು. ಸಂತೋಷ ಅವಳಿಗೆ ತಡೆಯಲಾಗಲಿಲ್ಲ. ಈ ಸಲದ ತಪ್ಪು ಅವಳದೇ, ತನ್ನ ತಪ್ಪಾದರೆ ತಿದ್ದಿಕೊಳ್ಳಬಹುದು. ಮತ್ತೆ ಹಾಡಿದಳು, ಮತ್ತೆ ಬಡಿಯಿತು. ಹೀಗೇ ದಿನಗಳು ಹೋದವು. ಒಂದು ಮುಂಜಾನೆ ಅವಳು ಆ ಮೀಂಡ್ ಹಾಡಿ ಮುಗಿಸಿದಾಗ ಸದ್ದು ಕೇಳಲಿಲ್ಲ. ಉಸ್ತಾದರಿಗೆ ಏನಾಯಿತೋ ಎಂದು ಗಾಬರಿಯಿಂದ ತಿರುಗಿ ನೋಡಿದಳು. ಅವರ ತೆರೆದ ಕಣ್ಣು ಅವಳನ್ನೇ ನೋಡುತ್ತಿತ್ತು. ಬಡಿಯಲೆಂದು ಮೇಲೆತ್ತಿದ ಬೆರಳು ಗಾಳಿಯಲ್ಲೇ ನಿಂತಿತ್ತು, ಕೆಳಗಿಳಿಯಲಿಲ್ಲ.

ಮಾಸ್ತರು ಇಷ್ಟು ಹೇಳಿ ಮತ್ತೆ ತಂಬೂರಿ ಎತ್ತಿಕೊಂಡರು. ಚನ್ನವೀರನ ಕಣ್ಣು ಒದ್ದೆಯಾಗಿತ್ತು. ಆದರೂ ಅವನು ಚನ್ನವೀರನೇ ತಾನೆ.

“ಛಲೋ ಡಬ್ಬಿ ಬಿಡ್ರಿ. ಆ ಡ್ಯಾಕಿನ ಹೆಸರೇನ್ರಿ ಮಾಸ್ತರ?”

ಮಾಸ್ತರು ತಂತಿ ಮೀಟಿ, ಕಿವಿಗೊಟ್ಟು, ಅವನತ್ತ ನೋಡದೆಯೇ ಹೇಳಿದರು.

“ಹೆಸರ ಆಮ್ಯಾಲ ಹೇಳ್ತೀನಿ, ಮದಲ ನೀ ಹೇಳು: ನೀ ತಪ್ಪಿದಾಗ ಮಂಚ ಬಡಿಯಾವ್ರು ನಿನ್ನ ಖೋಲ್ಯಾಗ ಯಾರದಾರ?”