ಬಂಡಿ ಬೇಕೆಂದ ಜವಳಿ ಶೆಟ್ಟರು

"ಗುರುಗಳೇ, ನಮ್ಮ ಮಠದ ಮುಂದಿನ ಬೀದಿಗೆ ಮತ್ತೆ ಕಾರು ಬಿಡಬೇಕೋ ಬೇಡವೋ?" ಎಂದು ಶಿಷ್ಯ ಮರುಳಯ್ಯ ಕೇಳಿದನು. "ನಡೆದಾಡುವವರಿಗೆ ಮಾತ್ರ ಎಂದು ಮಾಡಿ ಮೂರು ವರ್ಷವಾಯಿತು. ಈಗ ಮಠಕ್ಕೆ ಬರುವ ಭಕ್ತರೇ ಕಡಿಮೆಯಾಗಿದ್ದಾರೆ. ನಾಳೆ ಪುರಸಭೆಯವರು ಊರವರನ್ನೆಲ್ಲ ಸೇರಿಸಿ ಅಭಿಪ್ರಾಯ ಕೇಳುತ್ತಾರೆ. ಕಾರು ಬಿಡಿ ಎಂದು ಮಠದ ಪರವಾಗಿ ನಾನು ಹೇಳಿಬಿಡಲೇ?"

ಗುರುಗಳು ನಕ್ಕರು. "ಹೇಳುವೆಯಂತೆ, ಅವಸರವೇನು? ಮೊದಲು ಕೂತುಕೋ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಊರು. ಆ ಊರಿಗೆ ಒಂದೇ ಪೇಟೆ ಬೀದಿ. ಬೀದಿ ಕಿರಿದು, ಬಂಡಿಗಳು ಹೆಚ್ಚು. ಒಂದು ದಿನ ಎತ್ತೊಂದು ಬೆದರಿ, ಬಳೆಗಾರನನ್ನು ಕೆಡವಿ, ಅವನ ಬಳೆಗಳನ್ನೆಲ್ಲ ತುಳಿದು ಪುಡಿ ಮಾಡಿತು. ಊರ ಯಜಮಾನರು ಅಂದೇ ಬೀದಿಯ ಎರಡು ತುದಿಗೂ ಕಲ್ಲು ನೆಡಿಸಿ, ಇನ್ನು ಒಳಗೆ ಬಂಡಿ ಬರಕೂಡದು, ನಡೆದು ಬನ್ನಿ ಎಂದರು. ಜನಕ್ಕೆ ಹಿಗ್ಗೋ ಹಿಗ್ಗು. ಹೆಂಗಸರು ನಡುಬೀದಿಯಲ್ಲೇ ನಿಂತು ಮಾತಾಡಿದರು. ಮುದುಕರು ಅಂಗಡಿಗಳ ಜಗಲಿ ಹತ್ತಿ ಕೂತು ಎಲೆ ಅಡಿಕೆ ಹಾಕಿಕೊಂಡರು.

ಆ ಬೀದಿಯಲ್ಲಿ ಒಬ್ಬ ಜವಳಿ ಶೆಟ್ಟರಿದ್ದರು. ಒಳ್ಳೆಯವರೇ, ಆದರೆ ಮೂಗಿನ ತುದಿಯಲ್ಲೇ ಕೋಪ. ತಮ್ಮ ಜಗಲಿಯ ಮೇಲೆ ಕೂತವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಕೊಳ್ಳುವುದಿಲ್ಲ, ಮೇಲೆ ಕಾಡುಹರಟೆ ಬೇರೆ! ಏಳಿ ಎನ್ನಲು ದಾಕ್ಷಿಣ್ಯ. ಅದಕ್ಕೆ ಗಂಟೆಗೊಮ್ಮೆ ಒಂದು ಕೊಡ ನೀರು ತಂದು ಜಗಲಿಯ ಮೇಲೆ ಸುರಿದರು. ಯಾರಾದರೂ ಕೇಳಿದರೆ, 'ಧೂಳು ಸ್ವಾಮಿ, ಧೂಳು' ಎಂದರು. ಒದ್ದೆ ಕಲ್ಲಿನ ಮೇಲೆ ಯಾರು ಕೂರುತ್ತಾರೆ? ಇದನ್ನು ಕಂಡು ಅಕ್ಕಪಕ್ಕದ ಅಂಗಡಿಯವರೂ ಕೊಡ ಹಿಡಿದರು. ಆಯಿತಲ್ಲ, ಜನ ಬೇಕಾದ್ದನ್ನು ಕೊಂಡು, ನಿಲ್ಲದೆ ಮನೆಗೆ ಹೋದರು. ಆಮೇಲಾಮೇಲೆ ಕೊಳ್ಳಲಿಕ್ಕೂ ಬರುವುದು ಕಡಿಮೆಯಾಯಿತು.

ಎರಡು ವರ್ಷ ಕಳೆಯುವುದರೊಳಗೆ ಶೆಟ್ಟರು ನೊಣ ಹೊಡೆಯುತ್ತ ಕೂತರು. ಅಜ್ಜ ಇಟ್ಟ ಅಂಗಡಿ ನನ್ನ ಕಾಲಕ್ಕೇ ಮುಚ್ಚಬೇಕಲ್ಲ ಎಂದು ಸಂಕಟಪಟ್ಟರು. ಯಜಮಾನರ ಬಳಿ ಹೋಗಿ, 'ಇದಕ್ಕೆಲ್ಲ ಬಂಡಿ ನಿಲ್ಲಿಸಿದ್ದೇ ಕಾರಣ. ಯುಗಾದಿಯೊಳಗೆ ಬಂಡಿ ಬಿಡದಿದ್ದರೆ ಅಂಗಡಿಗೆ ಬೀಗ ಹಾಕಿ ಊರು ಬಿಡುತ್ತೇನೆ' ಎಂದರು.

ಊರು ಎರಡು ಪಾಲಾಯಿತು. ಬಂಡಿ ಬೇಕು ಎಂದು ಅರ್ಧ, ಬೇಡ ಎಂದು ಅರ್ಧ. ಬೇಡ ಎನ್ನುವವರ ಮುಂದಾಳು ಹೂ ಮಾರುವ ಪುಟ್ಟಗೌರಮ್ಮ. ಅವಳ ಬಾಯಿ ಮುಂದೆ ಹತ್ತು ಮಂದಿ ವಕೀಲರೂ ಸಾಲರು. ಊರ ಸಭೆ ಸೇರುವ ಚಾವಡಿಯ ಹೆಂಚನ್ನು ರಿಪೇರಿಗೆಂದು ಇಳಿಸಿದ್ದರಿಂದ, ಚರ್ಚೆ ಆ ಬೀದಿಯಲ್ಲೇ, ಶೆಟ್ಟರ ಅಂಗಡಿಯ ಎದುರೇ ಆಗಲಿ ಎಂದು ಯಜಮಾನರು ಹೇಳಿದರು. ಎಲ್ಲರೂ ಮಾತಾಡಿ ಮುಗಿಸುವವರೆಗೆ, ದಿನಾ ಬಿಸಿಲು ತಗ್ಗಿದ ಮೇಲೆ.

ಶೆಟ್ಟರಿಗೆ ತಮ್ಮ ಕಡೆಯವರು ಹೆಚ್ಚು ಕಾಣಬೇಕಲ್ಲ! ಕೊಡವನ್ನು ಮೂಲೆಗಿಟ್ಟು, ಜಗಲಿ ಒರೆಸಿ, ತಾವೇ ಜಮಖಾನ ಹಾಸಿದರು. ಹೋಗಿಬರುವವರನ್ನು ಕೈಹಿಡಿದು ಕರೆತಂದು ಕೂರಿಸಿದರು. ಬೀದಿಯ ಉದ್ದಕ್ಕೂ ಅಂಗಡಿಯವರೆಲ್ಲ ಹಾಗೆಯೇ ಮಾಡಿದರು.

ಅಬ್ಬಾ, ಏನು ಜನ, ಏನು ಜನ! ಮೊದಲ ದಿನ ಬರೀ ಜಗಳ. ಎರಡನೆಯ ದಿನ ಜಗಳದ ಜೊತೆಗೆ ಕಡಲೆಪುರಿ. ಮೂರನೆಯ ದಿನ ಏರುದನಿಯಲ್ಲಿ ವಾದ ಮಾಡುತ್ತಿದ್ದ ಹೆಂಗಸೊಬ್ಬಳು ನಡುವೆಯೇ ಮಾತು ನಿಲ್ಲಿಸಿ ಅಂಗಡಿಯೊಳಗೆ ಕಣ್ಣು ಹಾಯಿಸಿದಳು, ಆ ಹಸಿರು ಸೀರೆ ಇತ್ತ ಕೊಡಿ ಎಂದಳು. ಅವಳು ಕೊಂಡದ್ದನ್ನು ಪಕ್ಕದವಳು ಕಂಡಳು. ಇನ್ನು ಕೇಳಬೇಕೆ? ಆರನೆಯ ದಿನದ ಹೊತ್ತಿಗೆ ಶೆಟ್ಟರ ಹೆಂಡತಿಯೂ ಭಾವಮೈದುನನೂ ಬಂದು ಕೈಜೋಡಿಸಬೇಕಾಯಿತು.

ಏಳನೆಯ ದಿನ ಶೆಟ್ಟರು ಮಾತಾಡುವ ಸರದಿ. ಯಜಮಾನರು ಕೂಗಿದರು: 'ಎಲ್ಲಿ ಶೆಟ್ಟರೇ, ಬಂಡಿ ಯಾಕೆ ಬೇಕು, ಬಂದು ಹೇಳಿ.'

ಒಳಗಿನಿಂದ ಉತ್ತರ ಬಂತು: 'ತಡೀರಿ ಯಜಮಾನ್ರೇ! ಮದುವೆ ಜವಳಿ ತೆಗೀತಾ ಇದ್ದಾರೆ, ನನಗೆ ಪುರುಸೊತ್ತಿಲ್ಲ!'

ಪುಟ್ಟಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀದಿಗೆ ಬೀದಿಯೇ ನಕ್ಕಿತು. ಏನಾಯಿತೆಂದು ಶೆಟ್ಟರು ಗಜಕೋಲು ಹಿಡಿದೇ ಹೊರಗೆ ಬಂದರು. ಜಗಲಿಯ ತುಂಬ ಕೂತವರನ್ನು ನೋಡಿದರು, ಮೂಲೆಯಲ್ಲಿ ಒಣಗಿದ್ದ ಕೊಡವನ್ನು ನೋಡಿದರು. ನಾಚಿಕೆಯಾಯಿತು. ಆದರೆ ಅಂಗಡಿ ಉಳಿಯಿತಲ್ಲ ಎಂಬ ಸಂತೋಷಕ್ಕೆ ಅವರಿಗೂ ನಗು ತಡೆಯಲಿಲ್ಲ. 'ನನ್ನ ವಾದ ಏನೂ ಇಲ್ಲ ಯಜಮಾನ್ರೇ. ಈ ಚರ್ಚೆ ಒಂದು ನಿಲ್ಲಿಸಬೇಡಿ!' ಎಂದು ಕೈಮುಗಿದರು.

ಗುರುಗಳು ಕತೆ ಮುಗಿಸಿದರು. ಮರುಳಯ್ಯನು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸರಿ ಗುರುಗಳೇ, ಹಾಗಾದರೆ ಕಾರು ಬೇಡವೆಂದೇ ನಾಳೆ ಹೇಳಿಬಿಡುತ್ತೇನೆ" ಎಂದನು.

"ಅದನ್ನು ನಾಳೆ ಹೇಳುವೆಯಂತೆ, ನಮ್ಮ ಮಠದ ಕಟ್ಟೆಗೆ 'ಇಲ್ಲಿ ಯಾರೂ ಕೂರಬಾರದು' ಎಂದು ಬೋರ್ಡು ಹೊಡೆದವನು ಯಾರಪ್ಪಾ, ಮರುಳಯ್ಯ?" ಎಂದರು ಗುರುಗಳು.

ಮರುಳಯ್ಯನು ಎದ್ದು, ಬೋರ್ಡು ಕೀಳಲು ಸುತ್ತಿಗೆ ಹುಡುಕಿಕೊಂಡು ಹೋದನು.